ಬೇಲಿ ದಾಟಿದ ಬಳ್ಳಿ

ಇದು ನಮ್ಮ ದೊಡ್ಡಪ್ಪನ ಮಗ ಪುಟ್ಟರಾಜುಗೆ ಆದದ್ದು. ಕತೆ ಕಟ್ತಾನೆ ಅನ್ನೋರು ಈಗಲೇ ಎದ್ದು ಹೋಗಿ ಮಲಗಿ.

ಅವನ ತಂಗಿ ನಯನಾಳನ್ನು ಕುದೇರಿನ ಹತ್ತಿರ ಒಂದು ಹಳ್ಳಿಗೆ ಕೊಟ್ಟಿತ್ತು. ಮದುವೆಯಾದ ಮರುವರ್ಷವೇ ಕಾಣೆಯಾದಳು. ಬಾಳೆಕಾಯಿ ಲಾರಿಯವನ ಜೊತೆ ಕೇರಳಕ್ಕೆ ಓಡಿಹೋದಳು ಅಂತ ಅತ್ತೆ ಶಾಂತಮಲ್ಲಮ್ಮ ಊರೆಲ್ಲ ಸಾರಿದಳು. ದೊಡ್ಡಪ್ಪ ಅದನ್ನೇ ನಂಬಿ, ಅವಳ ಹೆಸರೆತ್ತಬೇಡಿ ಅಂದುಬಿಟ್ಟರು. ಪುಟ್ಟರಾಜು ಮಾತ್ರ ನಂಬಲಿಲ್ಲ.

ಕೆಲವು ವರ್ಷ ಕಳೆದರೂ ಅವಳ ಅತ್ತೆಮನೆಗೆ ಹೋಗಿ ಕೇಳ್ತಾನೇ ಇದ್ದ, ಆವತ್ತೂ ಹೋಗಿದ್ದ. ಶಾಂತಮಲ್ಲಮ್ಮ ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿದಳು. ಕತ್ತಲಾಗಿತ್ತು. ಸಂತೆಮರಹಳ್ಳಿ ಬಸ್ಸಾದರೂ ಸಿಗಲಿ ಅಂತ ಮನೆ ಹಿಂದಿನ ಪಾಳುತೋಟದಲ್ಲಿ ಅಡ್ಡ ಹಾದ.

ಘಮ್ಮಂತ ವಾಸನೆ... ರಂಗೂನ್ ಮಲ್ಲಿಗೆ. ನಯನಾ ಆ ಬಳ್ಳಿಯನ್ನು ಗುಂಡ್ಲುಪೇಟೆ ನರ್ಸರಿಯಿಂದ ತಂದು ಹಿತ್ತಿಲಲ್ಲಿ ನೆಟ್ಟಿದ್ದಳು. ಅವಳು ಹೋದಮೇಲೆ ಅತ್ತೆ ಕಡಿಸಿ ಹಾಕಿದಳು. ಆದರೆ ಬೇರು ಸಾಯಬೇಕಲ್ಲ! ಬೇಲಿಯಾಚೆ ಚಿಗುರಿ, ಲಂಟಾನ, ಬೇವಿನಮರ, ನೆಲ ಎಲ್ಲವನ್ನೂ ಮುಚ್ಚಿಕೊಂಡು ಕಾಡಾಗಿತ್ತು.

ಎಲೆಯೊಳಗೆ ಸದ್ದು. ಪರ್ರ್... ಹಳೇ ಸೀರೆ ಹರಿದ ಹಾಗೆ. ಆಮೇಲೆ ಮೌನ. ಮತ್ತೆ ಪರ್ರ್...

ಅವನು ಹೆಜ್ಜೆ ಎತ್ತಿದ.

"ಅಣ್ಣಾ... ಅಲ್ಲೇ ನಿಂತ್ಕೊ. ಮುಂದ್ಕೆ ನೆಲ ಇಲ್ಲ."

ಪಿಸುಮಾತು. ಆದರೂ ಒಡಹುಟ್ಟಿದವಳ ದನಿ ಗೊತ್ತಾಗದೆ ಇರುತ್ತಾ?

"ನೀನು ಓಡೋಗ್ನಿಲ್ವಾ ನಯನಾ?" ಅಂದ.

"ಎಲ್ಗೂ ಓಗ್ನಿಲ್ಲ ಕಣಣ್ಣ. ಅಪ್ಪಂಗೆ ಯೋಳ್ಬುಡು."

ಬೆಳಗಾಗುವವರೆಗೆ ಅವನು ಕಾಲು ಕದಲಿಸಲಿಲ್ಲ. ಬೆಳಕಾದ ಮೇಲೆ ಎಲೆ ಸರಿಸಿ ನೋಡಿದರೆ, ಹೆಬ್ಬೆರಳ ಮುಂದೆಯೇ ಹಾಳುಬಾವಿ. ಕಟ್ಟೆ ಇಲ್ಲ. ಬಳ್ಳಿ ಅದರ ಬಾಯಿ ಮುಚ್ಚಿತ್ತು.

ಪೊಲೀಸರು ಬಂದು ಮೂಳೆ ಎತ್ತಿದರು. ಕೊರಳಿನ ಹತ್ತಿರ ಸಿಕ್ಕ ಲಿಂಗದ ಕರಡಿಗೆ ಅವಳದೇ. ಸೀರೆ ಮಾತ್ರ ಬಾವಿಯೊಳಗಿರಲಿಲ್ಲ. ಅದು ಮೇಲಿತ್ತು... ಚೂರು ಚೂರಾಗಿ. ಬಳ್ಳಿ ಹಬ್ಬಿಸೋಕೆ ನಾವು ಹಳೇ ಸೀರೆ ಹರಿದು ಕಟ್ತೀವಲ್ಲ, ಹಾಗೆ ಪ್ರತಿ ಕುಡಿಯನ್ನೂ ಬೇವಿನ ಕೊಂಬೆಗೆ ಕಟ್ಟಿತ್ತು. ಆ ವಾರ ಚಿಗುರಿದ ಕುಡಿಯನ್ನೂ.

ದೊಡ್ಡಪ್ಪ ನಮ್ಮ ಹೊಲದಲ್ಲೇ ಸಮಾಧಿ ಮಾಡಿಸಿದರು. ಮಣ್ಣು ಹಾಕುವಾಗ ಅವಳ ಹೆಸರು ಹಿಡಿದು ಕೂಗಿ ಕೂಗಿ ಅತ್ತರು. ನೋಡೋಕಾಗದೆ ನಾನು ಆಚೆ ಹೋದೆ.

ಶಾಂತಮಲ್ಲಮ್ಮ ತನಗೇನೂ ಗೊತ್ತಿಲ್ಲ ಅಂದಳು. ಆಳು ಕರೆಸಿ ಬಳ್ಳಿಯನ್ನೆಲ್ಲ ಕಡಿಸಿ ಸುಡಿಸಿದಳು. ರಾತ್ರಿ ಚಿಲಕ ಹಾಕಿಕೊಂಡು ಒಬ್ಬಳೇ ಮಲಗಿದಳು. ಬೆಳಗ್ಗೆ ಕೂಗಿದರೆ ಓಗೊಡಲಿಲ್ಲ, ಬಾಗಿಲು ಒಡೆದರು. ಮೂಲೆಯಲ್ಲಿ ಕೂತಿದ್ದಳು. ಉಸಿರಿತ್ತು, ಮಾತಿರಲಿಲ್ಲ. ಇವತ್ತಿಗೂ ಇಲ್ಲ.

ನಾನೇ ಕಣ್ಣಾರೆ ನೋಡಿದ್ದು ಇದು. ಅವಳ ಕಿಟಕಿ ಸರಳಿಗೆ ಒಂದು ಎಳೆ ಕುಡಿಯನ್ನು ಅದೇ ಸೀರೆ ಚೂರಲ್ಲಿ ಕಟ್ಟಿತ್ತು. ಗಂಟು ಒಳಗಡೆ ಇತ್ತು.