ಹಿಟ್ಟಿನ ಡಬ್ಬಿ

ಕೋರ್ಟಿನ ಹೊರಗೆ ತನ್ನ ಜಾಗದ ವ್ಯಾಜ್ಯಕ್ಕೆಂದು ಕಾಯುತ್ತಿದ್ದ ಬಡಗಿಗೆ, ಅದೇ ಬೆಂಚಿನಲ್ಲಿದ್ದ ಅಕ್ಕ-ತಂಗಿಯರ ಮಾತು ಬೇಡವೆಂದರೂ ಕಿವಿಗೆ ಬಿತ್ತು.

“ಗಾಂಜಾನೂ ಸಿಕ್ಕಿದೆ, ಪಿಸ್ತೂಲೂ ಸಿಕ್ಕಿದೆ. ನಿನ್ನ ಗಂಡನಿಗೆ ಜಾಮೀನು ಕೊಡ್ತಾರೇನೇ?”

“ಕೊಡಲೇಬೇಕು ಅಕ್ಕ. ಆ ಮನೇಲಿ ಒಬ್ಬಳೇ ಇರೋಕಾಗಲ್ಲ.”

“ಯಾಕೇ?”

“ಪೊಲೀಸ್ರು ಹಿಟ್ಟಿನ ಡಬ್ಬಿಯಿಂದ ಪಿಸ್ತೂಲು ತೆಗೆದ್ರಲ್ಲ? ಇವತ್ತು ಬೆಳಿಗ್ಗೆ ಎತ್ತಿದ್ರೆ ಡಬ್ಬಿ ಮತ್ತೆ ಭಾರ ಆಗಿತ್ತು.”

“ಮನೆ ಬಾಗಿಲಿಗೆ ಬೀಗ ಹಾಕಿರಲಿಲ್ವಾ?”

“ಹಾಕಿದ್ದು ಹಾಕಿದಂಗೇ ಇತ್ತು. ಇರೋದು ಒಂದೇ ಕೀಲಿ, ಅದೂ ನನ್ನ ಹತ್ರಾನೇ.”

“ಒಳಗೆ ಕೈ ಹಾಕಿ ನೋಡಿದ್ಯಾ?”

“ಧೈರ್ಯ ಬರಲಿಲ್ಲ.”

“ಈಗೆಲ್ಲಿದೆ ಆ ಡಬ್ಬಿ?”

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಬಾಗಿಲಲ್ಲಿ ಪೇದೆಯೊಬ್ಬ ಎಲ್ಲರ ಚೀಲ ತಡಕುತ್ತಿದ್ದ. ತಂಗಿ ಬಡಗಿಯತ್ತ ತಿರುಗಿದಳು.

“ಅಣ್ಣಾ, ಬರೋವರೆಗೂ ಇದನ್ನ ಸ್ವಲ್ಪ ನೋಡ್ಕೊಳ್ಳಿ.”

ಇಬ್ಬರೂ ಒಳಗೆ ಹೋದರು. ಬಡಗಿಯ ತೊಡೆಯ ಮೇಲೆ, ಹಿಟ್ಟು ಮೆತ್ತಿದ ಚೀಲವೊಂದು ಕಲ್ಲಿನಂತೆ ಕೂತಿತ್ತು.