ಹಳೇ ಪೈಪಿನ ಹತ್ತಿ

ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನಿಂತ ಪ್ಲಂಬರನಿಗೆ ಕದ್ದು ಕೇಳುವ ಚಾಳಿಯೇನೂ ಇರಲಿಲ್ಲ. ಆದರೆ ಮುಂದಿದ್ದ ಭಾವ ಮೈದುನರ ಮಾತು ತಾನಾಗಿ ಕಿವಿಗೆ ಬೀಳುತ್ತಿತ್ತು.

“ಬಾಗಿಲಿಗೆ ಎರಡು ಕೀಲು ಹಾಕಿದ್ರೆ ನನ್ನ ಓವನ್ ಮುಗೀತು,” ಎಂದ ಭಾವ. “ಕಿಟಕಿ ಗ್ರಿಲ್ಲಿಗೆ ಹಾಕಿದ ಪುಡಿ ಬಣ್ಣಾನ ಇನ್ನು ಶೆಡ್ಡಲ್ಲೇ ಬೇಯಿಸಿ ಗಟ್ಟಿ ಮಾಡ್ಬಹುದು.”

“ಕಾವು ತಡೆಯೋಕೆ ಓವನ್ ಗೋಡೆಯೊಳಗೆ ಏನು ತುಂಬಿದ್ರಿ? ಗ್ಲಾಸ್ ವೂಲಾ?”

“ಅದು ಹೊಗೆ ಬಿಡುತ್ತೆ ಕಣೋ. ಹಳೇ ಗಿರಣಿ ಕೆಡವ್ತಿದ್ರಲ್ಲ, ಅಲ್ಲಿ ಹಬೆ ಪೈಪಿಗೆ ಸುತ್ತಿದ್ದ ಹತ್ತಿ ಕಿತ್ಕೊಂಡು ಬಂದೆ. ಬೆಂಕಿ ಇಟ್ರೂ ಜಪ್ಪಯ್ಯ ಅನ್ನಲ್ಲ.”

“ಭಾವ, ಅದು ಹತ್ತಿಯಲ್ಲ, ಕಲ್ನಾರು, ಆಸ್ಬೆಸ್ಟಾಸ್! ಅದರ ಧೂಳು ಎದೆಗೆ ಹೋದ್ರೆ ಮತ್ತೆ ಹೊರಗೆ ಬರಲ್ಲ, ಕ್ಯಾನ್ಸರ್ ತರುತ್ತೆ.”

“ನೀನೊಬ್ಬ, ಹಗ್ಗ ಕಂಡ್ರೂ ಹಾವು ಅಂತೀಯ. ಮೂಗಿಗೆ ಟವೆಲ್ ಕಟ್ಕೊಂಡಿದ್ದೆ.”

“ಟವೆಲ್ ಯಾವ ಮೂಲೆಗೆ? ನಮ್ಮ ಫ್ಯಾಕ್ಟರಿಯ ಬಾಯ್ಲರ್ ಮನೇಲಿ ಅದನ್ನ ಮುಟ್ಟೋಕೂ ಬಿಡಲ್ಲ. ತುಂಬಾ ಧೂಳೆದ್ದಿತ್ತಾ?”

“ಹಿಟ್ಟಿನ ಗಿರಣಿಯವನ ಹಾಗಾಗಿದ್ದೆ. ನಿಮ್ಮಕ್ಕ ನಕ್ಕಿದ್ದೇ ನಕ್ಕಿದ್ದು.”

ಮೈದುನ ನಗಲಿಲ್ಲ.

“ಆ ಅಂಗಿ ಯಾರು ಒಗೆದ್ರು?”

“ಇನ್ಯಾರು, ಅವಳೇ. ಮೊದಲು ಬಾಗಿಲಲ್ಲಿ ನಿಂತು ಚೆನ್ನಾಗಿ ಕೊಡವಿ...”



ಅಂಗಡಿಯವನು ಕೀಲುಗಳನ್ನು ಮುಂದಿಟ್ಟ. ಭಾವ ಅವನ್ನು ನೋಡಲೂ ಇಲ್ಲ.

“ನಾನು ಬರೋಷ್ಟರಲ್ಲಿ ಆ ಧೂಳು ಬಿದ್ದಿರೋ ಶೆಡ್ ಗುಡಿಸಿಡ್ತೀನಿ ಅಂದಿದ್ಲು ಕಣೋ.”

“ಈಗಲೇನಾ?”

“ಫೋನ್ ಮಾಡೋ! ಪೊರಕೆ ಕೆಳಗಿಡು ಅನ್ನು!”

ಪ್ಲಂಬರನನ್ನು ತಳ್ಳಿಕೊಂಡೇ ಇಬ್ಬರೂ ಬೀದಿಗೆ ಓಡಿದರು. ಭಾವನ ಅಂಗಿ ತನ್ನ ತೋಳಿಗೆ ತಾಗಿದಾಗ ಪ್ಲಂಬರ್ ಉಸಿರು ಬಿಗಿಹಿಡಿದಿದ್ದ. ಅವರು ಮೂಲೆ ತಿರುಗುವವರೆಗೂ ಬಿಡಲಿಲ್ಲ.