ಕಲಾವತಿಯ ಉಯಿಲು ಮತ್ತು ಗೇಟಿನ ಬೀಗದ ಬಗ್ಗೆ

ಬಾಲರಾಜ್ ಬಿನ್ ಲೇಟ್ ಫಕೀರಪ್ಪ, 68 ವರ್ಷ, ಜಾಲಹಳ್ಳಿಯ ಕಾರ್ಖಾನೆಯೊಂದರ ನಿವೃತ್ತ ಸ್ಟೋರ್ಸ್ ಸೂಪರ್‌ವೈಸರ್, ವಾಸ ಕೆರೆ ರಸ್ತೆ, ಜಕ್ಕೂರು ಹಳೇ ಊರು. ಠಾಣೆಗೆ ಖುದ್ದು ಬಂದು ತಿಳಿಸುವುದೇನೆಂದರೆ,

ನಾನು ವಾಸವಿರುವ ಮನೆ ನನ್ನ ಹೆಂಡತಿ ಕಲಾವತಿಗೆ ಅವಳ ತಂದೆ ಮುನಿಗಂಗಪ್ಪನವರಿಂದ ಪಾಲಿಗೆ ಬಂದದ್ದು. ಮೂವತ್ತೊಂಬತ್ತು ವರ್ಷ ಅಲ್ಲಿ ಸಂಸಾರ ಮಾಡಿದ್ದೇವೆ. ಮಕ್ಕಳಿಲ್ಲ. ಮೇಲಂತಸ್ತು ಕಟ್ಟಿಸಿದವನು ನಾನು, ಇದನ್ನು ದಯವಿಟ್ಟು ಬರೆದುಕೊಳ್ಳಬೇಕು. ಕಲಾವತಿ 2-6-2025ರಂದು ತೀರಿಕೊಂಡಳು.

ಈ ದಿನ ಬೆಳಿಗ್ಗೆ 10-15ಕ್ಕೆ ಅವಳ ಮರಣ ಪ್ರಮಾಣಪತ್ರ ತರಲು ಯಲಹಂಕಕ್ಕೆ ಹೋಗಿದ್ದೆ. 12-40ಕ್ಕೆ ವಾಪಸು ಬಂದಾಗ ಗೇಟಿಗೆ ಹೊಸ ಬೀಗ ಬಿದ್ದಿತ್ತು. ಆರು ಅಡಿ ದೂರದಲ್ಲಿ ಬಾಮೈದ ಪಿಳ್ಳಣ್ಣ ಕುರ್ಚಿ ಹಾಕಿಕೊಂಡು ಕೂತಿದ್ದನು. ಕುರ್ಚಿಯೂ ನಮ್ಮದೇ. ಕೇಳಿದ್ದಕ್ಕೆ, ಭಾವ, ಇದು ನಮ್ಮಪ್ಪನ ಆಸ್ತಿ, ಮಕ್ಕಳಿಲ್ದೆ ಅಕ್ಕ ಹೋದ್ಮೇಲೆ ವಾಪಸ್ ನಮ್ಗೇ ಬರುತ್ತೆ, ಲಾಯರ್ ಹೇಳವ್ರೆ, ನೀವು ಬಂದಾಗ ಒಂದು ಸೂಟ್‌ಕೇಸ್ ತಂದಿದ್ರಿ, ಅದನ್ನ ಹುಡುಕಿಸ್ಕೊಡ್ತೀನಿ ಬಿಡಿ ಎಂದನು. ಇದು ಪ್ಯೂರ್ ಅಂಡ್ ಸಿಂಪಲ್ ಟ್ರೆಸ್‌ಪಾಸ್ ಎಂದೆ. ಬಿ.ಕಾಂ. ಎರಡನೇ ವರ್ಷದಲ್ಲಿ ಓದಿದ್ದು, ಸೆಕ್ಷನ್ ನಂಬರ್ ಈಗ ನೆನಪಿಗೆ ಬರುತ್ತಿಲ್ಲ. ಅವನು ನಕ್ಕನು.

ಉಯಿಲು ಇದೆ. ಕಾಗದಪತ್ರಗಳ ಚೀಲ ಯಲಹಂಕಕ್ಕೆ ಹೋದಾಗ ನನ್ನ ಕೈಯಲ್ಲೇ ಇದ್ದುದರಿಂದ ಉಳಿದಿದೆ, ಎರಡು ಹಾಳೆ, ಹಾಜರುಪಡಿಸಿದ್ದೇನೆ. ಮನೆ ನನಗೆ ಸೇರಬೇಕೆಂದು ಕಲಾವತಿಯೇ ಜನವರಿ 26ರಂದು ಬರೆದು ಸಹಿ ಮಾಡಿದಳು. ಎದುರುಮನೆಯ ಜೈನಾಬ್ ಮತ್ತು ಅವರ ಮಗ ನದೀಮ್‌ನನ್ನು ಸಾಕ್ಷಿಗೆ ಕರೀತೀನಿ ಎಂದಳು. ನಾನೇ ತಡೆದೆ. ಗಂಡಹೆಂಡತಿ ಮಧ್ಯೆ ಸಾಕ್ಷಿ ಯಾಕೆ, ನಾವೇನು ಬಾಡಿಗೆದಾರರಾ ಎಂದೆ. ನಿಮ್ಗೆ ಇಂಗ್ಲಿಷ್ ಬರುತ್ತೆ, ಕಾನೂನು ಬರಲ್ಲ ಕಣ್ರೀ ಎಂದು ಹೇಳಿ ಅಡುಗೆಮನೆಗೆ ಹೋದಳು. ಮತ್ತೆ ಆ ಮಾತು ಎತ್ತಲಿಲ್ಲ. ಇಬ್ಬರ ಸಾಕ್ಷಿಯಿಲ್ಲದ ಉಯಿಲು ನಿಲ್ಲುವುದಿಲ್ಲವೆಂದು ತಾವೂ ಈಗ ತಿಳಿಸಿದಿರಿ. ಇದನ್ನು ಆ ದಿನವೇ ಯಾರಾದರೂ ನನಗೆ ಗದರಿಸಿ ಹೇಳಬೇಕಿತ್ತು.

ಮಧ್ಯಾಹ್ನ 1-20ಕ್ಕೆ ಜೈನಾಬ್ ಅವರು ನೀರು ಕೊಟ್ಟು, ಭಾಯ್, ಹಳೇ ತಾರೀಕು ಹಾಕಿ ಈಗ್ಲೇ ಸೈನ್ ಮಾಡ್ಕೊಡ್ತೀವಿ, ಕಲಾ ನಮ್ಗೇನು ಬೇರೆಯವ್ರಾ ಎಂದರು. ಬೇಡ ಎಂದೆ. ಕಲಾವತಿಯ ಸಹಿ ನಿಜವಾದದ್ದು. ಅದರ ಪಕ್ಕದಲ್ಲಿ ಸುಳ್ಳು ಕೂರಿಸುವುದಿಲ್ಲ.

ಆದ್ದರಿಂದ ಬೀಗ ತೆಗೆಸಿಕೊಡಬೇಕು. ಕೋರ್ಟು ಹೊರಗೆ ಹಾಕಿದರೆ ಹೋಗುತ್ತೇನೆ. ಪಿಳ್ಳಣ್ಣ ಹಾಕಿದರೆ ಹೋಗುವುದಿಲ್ಲ.

ಬರೆದದ್ದನ್ನು ಓದಿ ಕೇಳಿಸಿದ್ದಾರೆ. ನಾನು ಹೇಳಿದಂತೆಯೇ ಇದೆ. ನನ್ನ ತಪ್ಪನ್ನೂ ಬಿಡದೆ ಹೇಳಿದ್ದೇನೆ.

ಸ್ಥಳ: ಬೆಂಗಳೂರು
ದಿನಾಂಕ: 18-6-2025
ಸಹಿ: ಬಾಲರಾಜ್